ಕಣಜದ ಕಡೆಯ ಚೌಕ

ಮತ್ತೆ ಆ ಟಿಟ್ಟಿಭ ಹಕ್ಕಿ, ಹಳದಿ ಮೂತಿಯ ಅದೇ ಟಿಟ್ಟಿಭ, ಗೋಲಿನ ಕಂಬಗಳ ಮುಂದಿನ ಬಿಳಿಗೆರೆಯ ಚೌಕದೊಳಗೆ ತನ್ನಪ್ಪನ ಮನೆ ಅಂಗಳವೆಂಬಂತೆ ಓಡಾಡುತ್ತಿದೆ, ಓಡಿ ಓಡಿ ನಿಂತು ನೆಲ ಕುಕ್ಕುತ್ತಿದೆ, ಕುಕ್ಕಲಿ ಬಿಡು, ಅಲ್ಲಿ ಹೇಳುವವರು ಕೇಳುವವರು ಯಾರಿದ್ದಾರೆ, ಆಟದ ನಾಲ್ಕನೆಯ, ಕೊನೆಯ ಪಾಳಿ ಶುರುವಾಗಿ ಇನ್ನೂ ನೆಟ್ಟಗೆ ಉಸಿರು ಬಿಟ್ಟಿಲ್ಲ, ನಮ್ಮ ಹದಿನೆಂಟೂ ಜನ ಆಗಲೇ ಚೆಂಡಿನ ಹಿಂದೆ ಆ ತುದಿಗೆ ಓಡಿಯಾಯಿತು, ಸಕ್ಕರೆ ಚೆಲ್ಲಿದಲ್ಲಿ ಇರುವೆ ಮುತ್ತಿದ ಹಾಗೆ, ಹಿಂದೆ ನಮ್ಮ ಮನೆಯ ಬಾಗಿಲು ಹಾರುಹೊಡೆದಿದೆ, ಗಾಳಿ ಬೇರೆ ಆ ತುದಿಯಿಂದ ಈ ತುದಿಗೆ ಬೀಸುತ್ತಿದೆ, ರೈಲು ಹಳಿಯ ಪಕ್ಕದ ಗೋಧಿ ಕಣಜದ ಮೇಲೆ ಸಡಿಲವಾದ ತಗಡೊಂದು ಪಟಪಟ ಬಡಿದುಕೊಳ್ಳುತ್ತಿದೆ, ಇಂಥ ಗಾಳಿಯಲ್ಲಿ ಎದುರಾಳಿ ಡನ್ಮೋರಿನವರು ಒಂದು ಸಲ ಕಾಲು ಬೀಸಿ ಒದ್ದರೆ ಸಾಕು ಚೆಂಡು ತಾನೇ ಪುಟಿದು ಪುಟಿದು ಬಂದು ಗೋಲಿನೊಳಗೆ ಉರುಳುತ್ತದೆ, ತಡೆಯುವವರು ಯಾರು, ಈ ಟಿಟ್ಟಿಭವೇ? ಕೈಯಲ್ಲೂ ಕಾಲಲ್ಲೂ ಆಡುವ ನಮ್ಮ ಈ ಫುಟ್ಬಾಲಿನಲ್ಲಿ ಒದ್ದ ಚೆಂಡು ಎತ್ತರದ ಎರಡು ಕಂಬಗಳ ನಡುವೆ ಹೋದರೆ ಆರು ಅಂಕ, ಪಕ್ಕದ ಗಿಡ್ಡ ಕಂಬದ ಒಳಗೆ ಹೋದರೆ ಬರೀ ಒಂದು, ಹೋಗುವ ಚೆಂಡಿಗೆ ನಮ್ಮವನೊಬ್ಬನ ಬೆರಳ ತುದಿ ತಾಗಿದರೂ ಆ ಆರು ಒಂದಾಗುತ್ತದೆ, ಬೆರಳು ತಾಗಿಸುವುದಕ್ಕೆ ಒಬ್ಬ ಮನುಷ್ಯ ಬೇಕಲ್ಲ ಅಲ್ಲಿ, ಒಬ್ಬನೇ ಒಬ್ಬ ಮನುಷ್ಯ, ಇಷ್ಟು ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯಿತು. ನನಗೆ ಇಲ್ಲಿಂದ ಎಲ್ಲವೂ ಕಾಣುತ್ತದೆ, ನಮ್ಮ ಬೆಂಚಿನ ಮುಂದೆ ಗಡಿಗೆರೆಗೆ ಸುಣ್ಣದಲ್ಲಿ ಎರಡು ಗೀಟು ಎಳೆದಿದ್ದಾರಲ್ಲ, ಅದೇ ಗೇಟು, ಅದರ ಪಕ್ಕ ಮಡಚುವ ಕುರ್ಚಿ, ಕುರ್ಚಿಯಲ್ಲಿ ನಾನು, ವರ್ಷಗಳಿಂದ ನಾನೇ, ದಣಿದವನೊಬ್ಬ ಗೀಟು ದಾಟಿ ಹೊರಗೆ ಬಂದರೆ ಬೆಂಚಿನಿಂದ ಒಬ್ಬ ಒಳಗೆ, ಮೊದಲು ಹೊರಗೆ ಆಮೇಲೆ ಒಳಗೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಮೊದಲು ಹೊರಗೆ ಆಮೇಲೆ ಒಳಗೆ. ನನ್ನ ಮಗ ಗಸ್, ಆ ಚೌಕದ ಕಾವಲುಗಾರ, ಅವನೂ ಈಗ ಚೌಕದಲ್ಲಿಲ್ಲ, ಮೈದಾನದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ನೋಡುತ್ತಾನೆ, ಕೋಚಿನ ಅಪ್ಪಣೆ, ಮುಂದೆ ಬಾ, ಎಲ್ಲರೂ ಮುಂದೆ, ಹಿಂದೆ ನಿಂತವನು ಹೇಡಿ.

ಹೇಡಿಯಂತೆ. ಈ ಟ್ರಾವಿಸ್ ಪೆಲ್ಲೊ ಎಂಬ ಮಹಾಶಯ ನಮ್ಮ ಕೋಚಾಗಿ ಬಂದ ದಿನವೇ ನನಗೆ ಗೊತ್ತಾಗಿತ್ತು, ನಗರದ ದೊಡ್ಡ ತಂಡದಲ್ಲಿದ್ದನಂತೆ, ಎಷ್ಟು ಪಂದ್ಯ ಆಡಿದೆಯಪ್ಪ ಎಂದು ಕೇಳಿದರೆ ಮಾತು ತಿರುಗಿಸುತ್ತಾನೆ, ತಲೆಗೆ ಎಣ್ಣೆ, ಕಣ್ಣಿಗೆ ಕಪ್ಪು ಕನ್ನಡಕ, ಕ್ಲಬ್ಬಿನ ಹಾಲಿನಲ್ಲಿ ನಿಂತು ಭಾಷಣ ಬಿಗಿದ, ಫುಟ್ಬಾಲು ಅಂದ್ರೆ ಗೋಲು ಸ್ವಾಮಿ, ಕಾಯೋದಲ್ಲ ನುಗ್ಗೋದು, ಅವ್ರು ಇಪ್ಪತ್ತು ಹೊಡೆದ್ರೆ ನಾವು ಇಪ್ಪತ್ತೊಂದು ಹೊಡೀತೀವಿ, ಮುಗೀತು, ಇಡೀ ಹಾಲು ಚಪ್ಪಾಳೆ, ನಾನು ಚಹಾದ ಹಂಡೆಯ ಪಕ್ಕದಿಂದ ಕೇಳಿದೆ, ನಾವು ಇಪ್ಪತ್ತೊಂದು ಹೊಡೆದದ್ದು ಯಾವ ಕಾಲದಲ್ಲಪ್ಪ, ಎಲ್ಲರೂ ಗೊಳ್ಳೆಂದು ನಕ್ಕರು, ಅವನೂ ನಕ್ಕ, ಅಮ್ಮಾವ್ರೇ ನಿಮ್ಮ ಬಾಯಿ ಜೋರು ಅಂತ ಮೊದಲೇ ಹೇಳಿದ್ರು ನಂಗೆ. ಜೋರೇ, ಜೋರಿರದೆ ಇನ್ನೇನು, ಲೀಗಿನವರು ಅಷ್ಟು ಸ್ಪಷ್ಟವಾಗಿ ಹೇಳಿದ್ದಾರೆ, ಎರಡು ವರ್ಷದಿಂದ ಒಂದು ಪಂದ್ಯವನ್ನೂ ಗೆಲ್ಲದ ತಂಡವನ್ನು ಇಟ್ಕೊಂಡು ನಾವೇನು ಮಾಡೋಣ, ಈ ಸಲ ಒಂದಾದ್ರೂ ಗೆಲ್ಲಿ, ಇಲ್ಲದಿದ್ರೆ ಬರೋ ವರ್ಷ ನಿಮ್ಮೂರು ಯಾರಂಬಿಕ್ ಅನ್ನೋ ಹೆಸರು ಲೀಗಲ್ಲಿರಲ್ಲ, ಒಂದೇ ಒಂದು ಗೆಲುವು, ಅಷ್ಟು ಸಾಕಿತ್ತು, ಏಪ್ರಿಲ್ಲಿನಿಂದ ಇವತ್ತಿನವರೆಗೆ ಎಲ್ಲ ಶನಿವಾರವೂ ನುಗ್ಗಿದ್ದೇ ನುಗ್ಗಿದ್ದು, ಎಲ್ಲ ಶನಿವಾರವೂ ಆ ಖಾಲಿ ಚೌಕಕ್ಕೆ ಚೆಂಡು ಬಂದು ಬಿದ್ದದ್ದೇ ಬಿದ್ದದ್ದು, ಇವತ್ತು ಕೊನೆಯ ಪಂದ್ಯ, ಇದಾದ ಮೇಲೆ ಇಲ್ಲ. ಈ ಊರಿಗೆ ಉಳಿದಿರುವುದಾದರೂ ಏನು, ಬ್ಯಾಂಕು ಹೋಯಿತು, ರೈಲು ನಿಲ್ಲುವುದನ್ನು ಬಿಟ್ಟಿತು, ಶಾಲೆಗೆ ಬೀಗ ಬಿತ್ತು, ಮಕ್ಕಳು ನೆವ್ ಓಪಿ ಓಡಿಸುವ ಬಸ್ಸಿನಲ್ಲಿ ಡನ್ಮೋರಿಗೇ ಓದಲು ಹೋಗುತ್ತವೆ, ಉಳಿದದ್ದು ಶನಿವಾರ ಒಂದು, ಈ ಹುಲ್ಲು, ಪಕ್ಕದಲ್ಲಿ ಹುಡುಗಿಯರ ನೆಟ್‌ಬಾಲ್ ಅಂಗಳ, ಮಾಂಸದ ಪೈ ಬಿಸಿಯಾಗುವ ವಾಸನೆ, ಗೋಲಾದಾಗ ಸುತ್ತ ನಿಂತ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸುವ ಸದ್ದು, ಅದನ್ನೂ ಈ ಎಣ್ಣೆತಲೆಯವನ ಕೈಗೆ ಕೊಟ್ಟು ಕೂತಿದ್ದೇವೆ. ಜೂನ್ ತಿಂಗಳ ಆ ಪಂದ್ಯ, ನೂರಕ್ಕಿಂತ ಹೆಚ್ಚು ಅಂಕದ ಸೋಲು, ಮುಗಿದ ಮೇಲೆ ಗಸ್ ಬಟ್ಟೆ ಬದಲಾಯಿಸಲೂ ಹೋಗದೆ ತನ್ನ ಪಿಕಪ್ಪಿನೊಳಗೆ ಕೂತಿದ್ದ, ನಾನು ಸೂಪಿನ ಲೋಟ ಹಿಡಿದುಕೊಂಡು ಹೋದೆ, ಬೆರಳುಗಳು ಊದಿ ಲೋಟ ಹಿಡಿಯಲಾಗುತ್ತಿಲ್ಲ, ಮೂಗಿನ ಕೆಳಗೆ ರಕ್ತ ಒಣಗಿದೆ, ಡನ್ಮೋರಿನ ಆ ಬೋಮನ್ ಅಂತಲ್ಲಮ್ಮ, ಯಾರು ಬಂದ್ರೂ ಒಂದೇ, ಮೂರು ಜನ ಬರ್ತಾರೆ, ನಾನೊಬ್ಬ ಇರ್ತೀನಿ, ಆಮೇಲೆ ಊರೆಲ್ಲ ಗಸ್ ಬಿಟ್ಟುಕೊಟ್ಟ ಗೋಲು ಗಸ್ ಬಿಟ್ಟುಕೊಟ್ಟ ಗೋಲು ಅಂತಾರೆ, ಎಂದ, ಇಪ್ಪತ್ತಾರು ವರ್ಷದ ಗಂಡಸು, ನಾನೇ ಲೋಟ ಹಿಡಿದು ಕುಡಿಸಿದೆ, ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು.

ಈ ಬೆಂಕಿ ಮನೆಯಲ್ಲೂ ಆರುವುದಿಲ್ಲ, ಮನೆಯಲ್ಲಿ ಮರ್ವ್ ಇದ್ದಾನಲ್ಲ, ನನ್ನ ಗಂಡ, ಅಗೋ ಅಲ್ಲಿ, ಬೇಲಿಗೆ ಮೂತಿ ತಾಗಿಸಿ ನಿಲ್ಲಿಸಿದ ನೀಲಿ ಕಾರಿನೊಳಗೆ ಮಂಡಿ ಮೇಲೆ ಕಂಬಳಿ ಹೊದ್ದು ಕೂತಿದ್ದಾನೆ, ಮಂಡಿ ಆಪರೇಷನ್ ಆದ ಮೇಲೆ ಅದೇ ಅವನ ಸಿಂಹಾಸನ, ಕೈ ಹಾರ್ನಿನ ಮೇಲೆಯೇ ಇರುತ್ತದೆ, ನಮ್ಮವರು ಗೋಲು ಹೊಡೆದರೆ ಒಂದು ಉದ್ದ ಹಾರ್ನು, ಬೇರೆ ಯಾವುದಕ್ಕೂ ಇಲ್ಲ, ಜೀವಮಾನದಲ್ಲೇ ಇಲ್ಲ, ಅವನ ಕಾಲದಲ್ಲಿ ಗೋಲು ಹೊಡೆಯುವವನೇ ಅವನು, ಕ್ಲಬ್ಬಿನ ಗೋಡೆಯ ಮರದ ಹಲಗೆಯಲ್ಲಿ ಚಿನ್ನದ ಅಕ್ಷರದಲ್ಲಿ ಮೂರು ಕಡೆ ಮರ್ವಿನ್ ಟ್ರಿಲೋರ್, ಅತಿ ಹೆಚ್ಚು ಗೋಲು, ಅತಿ ಹೆಚ್ಚು ಗೋಲು, ಅತಿ ಹೆಚ್ಚು ಗೋಲು, ಬಿಯರ್ ಕುಡಿಯುವಾಗ ಯಾವಾಗಲೂ ಅದರ ಕೆಳಗೇ ನಿಲ್ಲುತ್ತಾನೆ. ಅದೇ ಚೌಕದಲ್ಲಿ ಹದಿನಾರು ವರ್ಷ ಕಾವಲು ನಿಂತ ನನ್ನ ಅಪ್ಪನ ಹೆಸರು ಯಾವ ಹಲಗೆಯಲ್ಲಿದೆ, ಎಲ್ಲೂ ಇಲ್ಲ, ಹೊಡೆದ ಗೋಲು ಬರೀತಾರೆ ಕಣಮ್ಮ ಗ್ಲೆನಿಸ್, ಉಳಿಸಿದ ಗೋಲು ಎಲ್ಲಿ ಬರೀತಾರೆ, ಎಂದು ನಗುತ್ತಿದ್ದ ಅಪ್ಪ, ನಕ್ಕಾಗ ಬಾಯಿಗೆ ಅಡ್ಡ ಹಿಡಿಯುತ್ತಿದ್ದ ಆ ಕೈ, ಒಂದು ಬೆರಳೂ ನೆಟ್ಟಗಿಲ್ಲ, ಬರುವ ಚೆಂಡನ್ನೆಲ್ಲ ಮುಷ್ಟಿಯಲ್ಲಿ ಗುದ್ದಿ ಗುದ್ದಿ ಬೇಲಿಯ ತಂತಿಯಂತೆ ಸೊಟ್ಟಗಾಗಿದ್ದವು, ಗಸ್‌ನ ಬೆರಳುಗಳೂ ಈಗ ಅದೇ ದಾರಿ ಹಿಡಿದಿವೆ. ಈವತ್ತು ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ನಾನು ಉಪ್ಪಿನ ಡಬ್ಬಿ ಇಟ್ಟೆ, ಇದು ಗಸ್, ಮೆಣಸಿನ ಡಬ್ಬಿ ಪಕ್ಕಕ್ಕಿಟ್ಟೆ, ಇದು ಅವನ ಜೊತೆಗೊಬ್ಬ, ಟೊಮೆಟೊ ಸಾಸಿನ ಬಾಟಲಿ ಬೋಮನ್, ಡನ್ಮೋರಿನ ನಾಯಕ, ಆರಡಿ ಮೇಲೆ ಐದು ಅಂಗುಲದ ಆ ಪ್ರಾಣಿ, ಈಗ ಗಾಳಿ ಹೀಗೆ ಬೀಸಿದಾಗ ಚೆಂಡು ಹೀಗೆ ಬಂತು ಅನ್ನು, ಒಬ್ಬ ಬೋಮನ್‌ನ ಮೈಗೆ ಮೈ ಕೊಟ್ಟು ನಿಲ್ತಾನೆ, ಇನ್ನೊಬ್ಬ ಗುದ್ದಿ ಆಚೆ ಹಾಕ್ತಾನೆ, ತಿಳೀತಾ, ಮರ್ವ್ ನನ್ನ ಮೆಣಸಿನ ಡಬ್ಬಿಯನ್ನೇ ಎತ್ತಿ ತನ್ನ ಮೊಟ್ಟೆಯ ಮೇಲೆ ಉದುರಿಸಿಕೊಂಡ, ಅಯ್ಯೋ ಗ್ಲೆನ್, ನಿಂಗೆ ಭಯ ಕಣೇ, ಸೋಲ್ತಾ ಸೋಲ್ತಾ ಕಾಯೋದೇ ಆಟ ಅನ್ಕೊಂಡ್ಬಿಟ್ಟಿದ್ದೀಯ, ಕಾದ್ರೆ ಹತ್ತು ಅಂಕದಲ್ಲಿ ಸೋಲ್ತೀವಿ, ನುಗ್ಗಿದ್ರೆ ಒಂದು ದಿನ ಗೆಲ್ತೀವಿ, ಒಂದು ದಿನವಂತೆ, ಯಾವ ದಿನ ಮರ್ವ್, ನಮಗೆ ಉಳಿದಿರೋದು ಇವತ್ತೊಂದೇ ದಿನ, ಅವನ ಮೊಟ್ಟೆ ಮೆಣಸಿನಿಂದ ಕಪ್ಪಾಗಿತ್ತು, ಕೆಮ್ಮುತ್ತ ತಿಂದ, ಸೋತೆ ಎನ್ನಲಿಲ್ಲ.

ಆದರೆ ಇವತ್ತು ಆ ದಿನ ಬಂದುಬಿಟ್ಟಿದೆ, ಅದೇ ನನಗೆ ತಡೆದುಕೊಳ್ಳಲಾಗುತ್ತಿಲ್ಲ, ಮೂರನೆಯ ಪಾಳಿಯಲ್ಲಿ ಗಾಳಿ ನಮ್ಮ ಬೆನ್ನಿಗಿತ್ತು, ಎದ್ದು ಬಿದ್ದು ಹೇಗೋ ಗೋಲಿನ ಮೇಲೆ ಗೋಲು, ಇಪ್ಪತ್ತೆರಡು ಅಂಕ ಮುಂದೆ, ಯಾರಂಬಿಕ್ ಮುಂದೆ, ಅಂಕದ ಹಲಗೆಯ ಹತ್ತಿರ ಹೋಗಿ ಜನ ಮುಟ್ಟಿ ನೋಡಿದರು. ಆಮೇಲೆ ವಿರಾಮ, ಎಂದಿನಂತೆ ಕಾರುಗಳ ಬಾಗಿಲು ತೆರೆದು ಊರಿಗೆ ಊರೇ ಹುಲ್ಲಿನ ಮೇಲೆ ನಡೆದುಕೊಂಡು ಬಂತು, ಹುಡುಗರ ಸುತ್ತ ಒಂದು ವೃತ್ತ, ಆ ವೃತ್ತದ ಸುತ್ತ ನಾವು, ಮುದುಕರು, ಕೈಗೂಸು ಹೊತ್ತವರು, ನಾಯಿಗಳು, ಮರ್ವ್ ಊರುಗೋಲು ಊರಿಕೊಂಡು, ನಾನು ಹೋಳು ಮಾಡಿದ ಕಿತ್ತಳೆಯ ಬುಟ್ಟಿ ಹಿಡಿದು, ಎಲ್ಲರೂ ಕೇಳಬಹುದು, ಕೋಚನ್ನು ಬಿಟ್ಟು ಯಾರೂ ಮಾತಾಡುವಂತಿಲ್ಲ, ನನ್ನ ಅಜ್ಜನ ಕಾಲದಿಂದ ಅದೇ ನಡೆದುಬಂದದ್ದು. ಟ್ರಾವಿಸ್ ಕನ್ನಡಕ ತೆಗೆದ, ಕಣ್ಣು ತೇವವಾಗಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ, ಹುಡುಗ್ರಾ, ಈಗ ಗಾಳಿ ಎದುರಿಗಿದೆ, ಇರ್ಲಿ, ನಾವು ಬದಲಾಗಲ್ಲ, ಮುಂದಕ್ಕೇ ಹೋಗೋಣ, ನುಗ್ಗಿದ್ದಕ್ಕೇ ಇಲ್ಲಿಗೆ ಬಂದಿದ್ದೀವಿ, ಈಗ ಹಿಂದೆ ಸರಿದ್ರೆ ಅವ್ರಿಗೆ ನಮ್ಮ ಭಯದ ವಾಸನೆ ಬರುತ್ತೆ. ಗಸ್ ಕೈ ಎತ್ತಿದ, ಟ್ರಾವ್, ಹಿಂದೆ ನಂಗೆ ಒಬ್ಬನನ್ನ ಕೊಡು, ಒಬ್ಬನೇ ಸಾಕು, ಈ ಗಾಳಿಗೆ ಚೆಂಡು ನನ್ನ ತಲೆ ಮೇಲಿಂದ ಹೋಗುತ್ತೆ. ಇಲ್ಲ ಗಸ್, ಒಬ್ಬ ಹಿಂದೆ ಹೋದ್ರೆ ಮುಂದೆ ಒಬ್ಬ ಕಮ್ಮಿ, ನೀನು ನಿನ್ನ ಕೆಲಸ ಸರಿಯಾಗಿ ಮಾಡು. ನಿನ್ನ ಕೆಲಸ ಸರಿಯಾಗಿ ಮಾಡು — ನನ್ನ ಮಗನಿಗೆ, ಆ ಬೆರಳುಗಳನ್ನು ನೋಡಿಯೂ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ, ಕೊಡಯ್ಯಾ ಒಬ್ಬನ್ನ, ನಾವು ಮುಂದೆ ಇದ್ದೀವಿ, ಇನ್ನು ಗೋಲು ಹೊಡೆಯೋದು ಬೇಕಾಗಿಲ್ಲ, ಹೊಡೆಸ್ಕೊಳ್ಳದೆ ಇದ್ರೆ ಸಾಕು, ಇಷ್ಟು ಗೊತ್ತಾಗಲ್ವಾ ನಿಂಗೆ, ಎಂದುಬಿಟ್ಟೆ, ಕಿತ್ತಳೆ ಬಾಯಲ್ಲಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು, ಮರ್ವ್ ತನ್ನ ಬೂಟು ನೋಡಿದ, ಕಟ್ಟಿಕೊಂಡ ಗಂಡ, ಒಂದು ಮಾತು, ಒಂದೇ ಒಂದು ಮಾತು ನನ್ನ ಪರವಾಗಿ, ಊಹುಂ, ಬೂಟು ನೋಡಿದ. ಟ್ರಾವಿಸ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಹೇಳಿದ, ಗ್ಲೆನಿಸ್, ನಿಮ್ಮ ಕೆಲಸ ಗೇಟು, ಗೇಟು ನೋಡ್ಕೊಳ್ಳಿ. ಯಾರೋ ಕಿಸಕ್ಕೆಂದರು, ಗೇಟು ನೋಡ್ಕೊಳ್ಳಿ, ಕುರ್ಚಿಯವರೆಗೆ ನಡೆದು ಬಂದೆ, ಬುಟ್ಟಿಯಲ್ಲಿ ಮಿಕ್ಕ ಕಿತ್ತಳೆಯನ್ನು ಹುಲ್ಲಿಗೆ ಸುರಿದೆ, ಯಾರಿಗೂ ಇಲ್ಲ, ತಿನ್ನಲಿ ನಾಯಿಗಳು.

ಅಗೋ ಬಂತು, ಹೇಳಲಿಲ್ಲವೇ, ಆ ತುದಿಯಿಂದ ಒದ್ದರು, ಗಾಳಿ ಹೆಗಲ ಮೇಲೆ ಹೊತ್ತು ತಂದಿತು, ಗಸ್‌ನ ತಲೆಯ ಮೇಲಿಂದ, ಅವನು ತಿರುಗಿ ಓಡುತ್ತಿದ್ದಾನೆ, ಬೋಮನ್ ಅವನಿಗಿಂತ ಮುಂದೆ, ಟಿಟ್ಟಿಭ ಕಿರುಚಿ ಹಾರಿತು, ಚೆಂಡು ಖಾಲಿ ಚೌಕದಲ್ಲಿ ಎರಡು ಪುಟ ಪುಟಿದು ಒಳಗೆ ಉರುಳಿತು, ಬೋಮನ್ ಮುಟ್ಟಲೂ ಇಲ್ಲ, ಸುಮ್ಮನೆ ಪಕ್ಕದಲ್ಲಿ ಓಡಿ ನಗುತ್ತ ಬೀಳ್ಕೊಟ್ಟ, ಡನ್ಮೋರಿನ ಕಾರುಗಳ ಹಾರ್ನು ನನ್ನ ಕಿವಿ ಹರಿಯಿತು, ಮತ್ತೆ ನಡುವಿನಿಂದ ಶುರು, ಮತ್ತೆ ನಮ್ಮವರು ಮುಂದಕ್ಕೆ, ಟ್ರಾವಿಸ್ ಆ ಕಡೆ ಪಿಕಪ್ಪಿನ ಹಿಂಬದಿ ಹತ್ತಿ ನಿಂತು ಕೈ ಬೀಸುತ್ತಿದ್ದಾನೆ, ಮುಂದೆ ಮುಂದೆ, ಮತ್ತೆ ಅದೇ ಒದೆ, ಅದೇ ಗಾಳಿ, ಅದೇ ಚೌಕ, ಈ ಸಲ ಗಸ್ ತಲುಪಿದ, ಬೋಮನ್ ಅವನ ಬೆನ್ನ ಮೇಲೇ ಮಂಡಿಯಿಟ್ಟು ಮೇಲೆ ಹಾರಿ ಚೆಂಡು ಹಿಡಿದು ಒದ್ದ, ಗೋಲು, ಗಸ್ ಮಣ್ಣಿನಿಂದ ಎದ್ದು ಉಗುಳಿದ, ಕೆಂಪಗಿತ್ತು, ಮೂರನೆಯದನ್ನು ನಾನು ನೋಡಲಿಲ್ಲ, ಹಾರ್ನಿನಿಂದ ತಿಳಿಯಿತು. ನಾಲ್ಕು ಅಂಕ, ಇಪ್ಪತ್ತೆರಡರಲ್ಲಿ ಉಳಿದದ್ದು ನಾಲ್ಕು, ಆಟ ಇನ್ನೂ ಇದೆ, ಗಸ್ ಚೌಕದಲ್ಲಿ ನಿಂತು ಎರಡೂ ಕೈ ಮೇಲೆತ್ತಿ ಯಾರನ್ನೋ ಕರೆಯುತ್ತಿದ್ದಾನೆ, ಟ್ರಾವಿಸ್ ನೋಡುತ್ತಿಲ್ಲ, ನುಗ್ಗುವವರ ಕಡೆ ನೋಡುತ್ತಿದ್ದಾನೆ, ಹಾಗಾದರೆ ಗಸ್ ಕರೆಯುತ್ತಿರುವುದು ನನ್ನನ್ನು, ಚಿಕ್ಕವನಿದ್ದಾಗ ಕುರಿಗಳ ದೊಡ್ಡಿಯ ಬೇಲಿಗೆ ಸಿಕ್ಕಿಕೊಂಡು ಹೀಗೇ ಎರಡೂ ಕೈ ಎತ್ತಿದ್ದ. ಬೆಂಚಿನಲ್ಲಿ ಇರುವವರೇ ಇಬ್ಬರು, ಒಬ್ಬನ ಪಾದಕ್ಕೆ ಮಂಜುಗಡ್ಡೆ ಕಟ್ಟಿದೆ, ಇನ್ನೊಬ್ಬ ನೆವ್ ಓಪಿ, ಶಾಲಾ ಬಸ್ಸಿನ ನೆವ್, ಜನ ಸಾಲದೆಂದು ನಲವತ್ತಾರನೇ ವಯಸ್ಸಿನಲ್ಲಿ ಬೂಟು ಕಟ್ಟಿಕೊಂಡು ಬಂದವನು, ಓಡಲಾರ, ಆದರೆ ನಿಂತ ಜಾಗದಿಂದ ಅವನನ್ನು ಅಲುಗಾಡಿಸಲು ಎತ್ತು ಕಟ್ಟಬೇಕು, ನೆವ್, ಏಳು, ಗಸ್ ಪಕ್ಕ ಹೋಗಿ ನಿಂತ್ಕೊ, ಚೌಕ ಬಿಟ್ಟು ಕದಲಬೇಡ, ಟ್ರಾವ್ ಹೇಳಿದ್ನಾ ಗ್ಲೆನ್, ನಾನು ಹೇಳ್ತಿದ್ದೀನಲ್ಲೋ ಮಾರಾಯ, ಯಾರು ಆಚೆ ಬರ್ತಾರೆ, ಟಲ್ಲಿ ಬರ್ತಿದ್ದಾನೆ ನೋಡು ಅಗೋ. ಬರುತ್ತಿದ್ದ, ಸುಳ್ಳಲ್ಲ, ನಮ್ಮ ಮುಂದಿನ ಸಾಲಿನ ಟಲ್ಲಿ ಮೀನಖಂಡ ಹಿಡಿದುಕೊಂಡು ಕುಂಟುತ್ತ ಗೇಟಿನ ಕಡೆಗೇ ಬರುತ್ತಿದ್ದ, ಗೀಟಿಗೆ ಬಸ್ಸಿನ ಉದ್ದದಷ್ಟೂ ದೂರವಿರಲಿಲ್ಲ, ಚೆಂಡು ಮತ್ತೆ ಮೇಲೆದ್ದಿತ್ತು, ಕಾಯುವುದಕ್ಕೆ ಪುರುಸೊತ್ತೆಲ್ಲಿ, ಹೋಗು ಅಂದೆ, ನೆವ್ ಹೋದ, ಅವನ ಅಗಲವಾದ ಬೆನ್ನು ಚೌಕದ ಕಡೆಗೆ ದಡಬಡ ಓಡುತ್ತಿರುವಾಗ ಪಿಕಪ್ಪಿನ ಮೇಲಿಂದ ಟ್ರಾವಿಸ್ ಗಂಟಲು ಹರಿದುಕೊಂಡ, ಟಲ್ಲೀ, ಎಲ್ಲಿಗೋ ಹೋಗ್ತಿದ್ದೀಯ, ಮುಂದೆ ಹೋಗೋ, ಮುಂದೆ, ಟಲ್ಲಿ ನಿಂತ, ನನ್ನ ಕಡೆ ನೋಡಿದ, ಅವನ ಕಡೆ ನೋಡಿದ, ತಿರುಗಿ ಕುಂಟುತ್ತ ಮುಂದಕ್ಕೇ ಹೋದ. ಮೊದಲು ಹೊರಗೆ, ಆಮೇಲೆ ಒಳಗೆ. ನನಗೆ ಕಂಡಿತು. ನೆವ್ ಅನ್ನು ಕೂಗಬಹುದಿತ್ತು, ಬಾಯಿ ತೆರೆದಿತ್ತು ಕೂಡ, ಇಷ್ಟು ವರ್ಷ ಎಲ್ಲರಿಗಿಂತ ಜೋರೆನ್ನಿಸಿಕೊಂಡ ಬಾಯಿ, ಆದರೆ ಅಷ್ಟರಲ್ಲಿ ಗಸ್ ತಿರುಗಿ ನೆವ್‌ನನ್ನು ನೋಡಿದ, ಅವನ ಮುಖ ಅರಳಿದ್ದು ಇಷ್ಟು ದೂರದಿಂದಲೂ ಕಂಡಿತು, ಕೂಗಲಿಲ್ಲ, ಟಲ್ಲಿಯನ್ನು ತಿರುಗಿಸಿದವಳು ನಾನಲ್ಲ, ನುಗ್ಗು ನುಗ್ಗು ಎಂದವನು ಅವನು, ಒಂದು ಕ್ಷಣ ಅವನು ಬಾಯಿ ಮುಚ್ಚಿಕೊಂಡಿದ್ದರೆ ಲೆಕ್ಕ ಸರಿಯಿರುತ್ತಿತ್ತು, ನನ್ನ ಗೇಟಿನ ಹತ್ತಿರ ಬಂದವನನ್ನು ಕರೆಯಲು ಅವನ್ಯಾರು, ಗೇಟು ನನ್ನದು, ಅವನೇ ಹೇಳಿದನಲ್ಲ.

ಮತ್ತೆ ನೋಡಿ, ನೋಡಿ ಎಲ್ಲರೂ, ಕಣ್ಣಿದ್ದವರು ನೋಡಿ, ಚೆಂಡು ಬಂತು, ಬೋಮನ್ ಹಾರಬೇಕು, ಹಾರಲು ಆಗುತ್ತಿಲ್ಲ, ನೆವ್ ಓಪಿ ಅವನ ಎದೆಗೆ ಬೆನ್ನು ಕೊಟ್ಟು ಬಾಗಿಲಿನ ಅಗುಳಿಯ ಹಾಗೆ ನಿಂತಿದ್ದಾನೆ, ಗಸ್ ಹಿಂದಿನಿಂದ ಬಂದು ಗುದ್ದಿದ, ಚೆಂಡು ಬೇಲಿಯಾಚೆ, ಉಪ್ಪು ಮತ್ತು ಮೆಣಸು, ಮರ್ವ್, ಉಪ್ಪು ಮತ್ತು ಮೆಣಸು, ಮತ್ತೊಂದು ಬಂತು, ಅದನ್ನೂ ಆಚೆ, ಆಮೇಲೆ ಬೋಮನ್ ನೆಲದ ಮೇಲೆ ಸಿಕ್ಕ ಚೆಂಡನ್ನು ಚೌಕದೆದುರಿನಿಂದಲೇ ಒದ್ದ, ನೆಟ್ಟಗೆ ಎತ್ತರದ ಕಂಬಗಳ ನಡುವೆ, ಹೋಯಿತು ಎಂದುಕೊಂಡೆ, ಗಸ್ ಅಡ್ಡ ಹಾರಿದ, ಇಡೀ ಮೈಯನ್ನು ಗಾಳಿಗೆ ಬಿಸಾಡಿದ, ಬೆರಳು, ಬೆರಳ ತುದಿ, ಚೆಂಡು ಒಂದು ಕೂದಲಿನಷ್ಟು ಅಲುಗಿತು, ತಾಗ್ತು ತಾಗ್ತು ಎಂದು ಕೆಳಗೆ ಬಿದ್ದಲ್ಲಿಂದಲೇ ಅರಚಿದ, ಗೋಲಿನ ಅಂಪೈರ್ ಒಂದೇ ಬಾವುಟ ಎತ್ತಿದ, ಆರಲ್ಲ, ಒಂದು, ಆರಾಗಬೇಕಿದ್ದದ್ದು ಒಂದು, ಮೂರು ಅಂಕ ನಾವಿನ್ನೂ ಮುಂದೆ, ಆಗ ಬೇಲಿಯ ಕಡೆಯಿಂದ ಒಂದು ಹಾರ್ನು, ಉದ್ದದ ಹಾರ್ನು, ತಿರುಗಿ ನೋಡಿದೆ, ನೀಲಿ ಕಾರು, ಮರ್ವ್ ಕಂಬಳಿ ಕೆಳಗೆ ಬಿದ್ದದ್ದೂ ಗೊತ್ತಿಲ್ಲದೆ ಎರಡೂ ಕೈಯಿಂದ ಹಾರ್ನು ಒತ್ತುತ್ತಿದ್ದಾನೆ, ಉಳಿಸಿದ ಗೋಲಿಗೆ, ನನ್ನ ಗಂಡ, ಜೀವಮಾನದಲ್ಲಿ ಮೊದಲ ಸಲ, ಉಳಿಸಿದ ಗೋಲಿಗೆ, ಅವನ ಹಿಂದೆ ಇನ್ನೊಂದು ಕಾರು, ಮತ್ತೊಂದು, ಇಡೀ ಬೇಲಿ ಹಾರ್ನು ಬಾರಿಸುತ್ತಿದೆ, ಅಪ್ಪ, ಕೇಳಿಸುತ್ತಿದೆಯೇ ನಿನಗೆ, ನನ್ನ ಕಣ್ಣಿನಿಂದ ನೀರು ಇಳಿಯುತ್ತಿದೆ, ಕೋಪವೋ ಸಂತೋಷವೋ, ಇಷ್ಟು ಸುಲಭವಾಗಿತ್ತಲ್ಲ, ಏಪ್ರಿಲ್ಲಿನಿಂದ ಇಷ್ಟೇ ಕೇಳಿದ್ದು ನಾನು, ಒಬ್ಬ ಮನುಷ್ಯ, ಇನ್ನೊಬ್ಬನ ಪಕ್ಕ. ಆಟ ಮುಗಿಯಲು ಇನ್ನು ಒಂದೋ ಎರಡೋ ನಿಮಿಷ, ಬೋಮನ್ ಸೊಂಟಕ್ಕೆ ಕೈಯಿಟ್ಟು ನೆವ್‌ನನ್ನು ಕೆಳಗಿನಿಂದ ಮೇಲೆ ನೋಡಿದ, ನೀನೆಲ್ಲಿಂದ ಬಂದ್ಯೋ ತಾತ, ಎಂದ, ನೆವ್ ಹಲ್ಲು ಬಿಟ್ಟ, ಬೋಮನ್ ನಗಲಿಲ್ಲ, ಅವನ ತಲೆ ನಿಧಾನವಾಗಿ ಮೈದಾನದ ಸುತ್ತ ತಿರುಗಿತು, ತುಟಿ ಅಲುಗುತ್ತಿತ್ತು, ನಮ್ಮವರ ಕಂದು-ಹಳದಿ ಬಟ್ಟೆ ಒಂದೊಂದರ ಮೇಲೂ ಕಣ್ಣು ನಿಂತು ನಿಂತು ಹೋಯಿತು, ಬೇಡ, ಬೇಡ ಕಣೋ, ಆಟ ಆಡು, ಚೆಂಡು ನೋಡು, ಬೋಮನ್ ಕೈ ಎತ್ತಿದ, ಅಂಪೈರ್, ತಲೆ ಎಣಿಸಿ.

ಸೀಟಿ. ಆಟ ನಿಂತಿತು, ಇದನ್ನು ಈ ಮೈದಾನದಲ್ಲಿ ನನ್ನ ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದು, ಎದುರಾಳಿ ನಾಯಕ ಕೇಳಿದರೆ ಎಣಿಸಲೇಬೇಕು, ಸರಿಯಿದ್ದರೆ ಚೆಂಡು ನಮಗೆ, ಹದಿನೆಂಟರ ಮೇಲೆ ಒಬ್ಬ ಹೆಚ್ಚಿದ್ದರೆ ನಮ್ಮ ಅಂಕವೆಲ್ಲ ಸೊನ್ನೆ, ಇವತ್ತು ಹೊಡೆದದ್ದೆಲ್ಲ, ಉಳಿಸಿದ್ದೆಲ್ಲ, ಬೆಂಚಿನ ಮೇಲೆ ಮಂಜುಗಡ್ಡೆಯ ಹುಡುಗ ಹೇಳುತ್ತಿದ್ದಾನೆ, ಹೆದ್ರಕೊಂಡ್ಬಿಟ್ರು ಆಂಟಿ, ಸುಮ್ನೆ ಟೈಮ್ ಎಳೀತಿದ್ದಾರೆ ಬಡ್ಡೀಮಕ್ಳು, ನಾನು ಹೂಂ ಎಂದೆನೇ, ಏನೋ ಎಂದೆ. ನೆವ್ ಈಗ ಓಡಿ ಬಂದುಬಿಟ್ಟರೆ, ಇಲ್ಲ, ಸೀಟಿಯಾದ ಮೇಲೆ ಗೀಟು ಯಾರೂ ದಾಟುವಂತಿಲ್ಲ, ಆ ನಿಯಮವನ್ನು ಹೊಸ ಹುಡುಗರಿಗೆಲ್ಲ ಹೇಳಿಕೊಟ್ಟವಳು ನಾನೇ, ಟ್ರಾವಿಸ್ ಪಿಕಪ್ಪಿನಿಂದ ಇಳಿದು ಬರುತ್ತಿದ್ದಾನೆ, ಅವನಿಗೂ ತಿಳಿದಿಲ್ಲ, ನಗುತ್ತಿದ್ದಾನೆ, ನನ್ನ ಹತ್ತಿರ ಬಂದು ಕನ್ನಡಕ ತಲೆಗೇರಿಸಿ, ಗ್ಲೆನಿಸ್, ನೆವ್‌ನನ್ನ ಹಿಂದೆ ಹಾಕಿದ್ದು ನೀವಂತೆ, ಒಪ್ಪಿದೆ, ಒಪ್ಪಿದೆ ಕಣಮ್ಮ, ನೀವು ಹೇಳಿದ್ದೇ ಸರಿ, ಎನ್ನುತ್ತಿದ್ದಾನೆ, ಈಗ ಹೇಳುತ್ತಾನೆ, ಇಡೀ ವರ್ಷ ಬಿಟ್ಟು ಈಗ, ಇದನ್ನು ಕೇಳಬೇಕೆಂದು ಏಪ್ರಿಲ್ಲಿನಿಂದ ಕಾದಿದ್ದ ಕಿವಿಗೆ ಈಗ ಸೀಸ ಕಾಯಿಸಿ ಹೊಯ್ದ ಹಾಗಿದೆ, ಹೋಗಯ್ಯಾ ಅತ್ತ, ಟಲ್ಲಿಯನ್ನು ಯಾಕೆ ಕೂಗಿದೆ, ಯಾಕೆ ಕೂಗಿದೆ ನೀನು, ಅವನ ನಗು ಅರ್ಧಕ್ಕೆ ನಿಂತಿತು, ಟಲ್ಲಿ ಏನು, ಎಂದ, ಮೈದಾನದ ಕಡೆ ತಿರುಗಿದ, ಮುಖದ ಬಣ್ಣ ಇಳಿಯಿತು. ಕಂದು-ಹಳದಿ ಬಟ್ಟೆಗಳೆಲ್ಲ ನಡುವಿಗೆ ನಡೆದು ಬರುತ್ತಿವೆ, ಒಂದು ಸಾಲು, ಭುಜಕ್ಕೆ ಭುಜ, ಅಂಪೈರ್ ಒಂದು ತುದಿಯಿಂದ ಒಬ್ಬೊಬ್ಬರ ಹೆಗಲು ಮುಟ್ಟುತ್ತ ಬರುತ್ತಿದ್ದಾನೆ, ಟಲ್ಲಿ ಕುಂಟುತ್ತ ಬಂದು ಸೇರಿದ, ನೆವ್ ಕೊನೆಯಲ್ಲಿ, ಪಾಪ, ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದಾನೆ, ಫೋಟೋ ತೆಗೆಸಿಕೊಳ್ಳುವವನಂತೆ, ಗಸ್ ಅವನ ಹೆಗಲ ಮೇಲೆ ಕೈ ಹಾಕಿದ್ದಾನೆ, ಆ ಬೆರಳುಗಳ ಕೈ, ಅವನ ದನಿ ಗಾಳಿಯಲ್ಲಿ ಇಲ್ಲಿಯವರೆಗೂ ಬರುತ್ತಿದೆ, ಎಣಿಸ್ಕೊ ಬೋಮನ್, ಬೇಕಾದ್ರೆ ಎರಡು ಸಲ ಎಣಿಸ್ಕೊ, ಗೇಟಲ್ಲಿ ಕೂತಿರೋಳು ನಮ್ಮಮ್ಮ ಕಣೋ, ಎಂದು ನಗುತ್ತಿದ್ದಾನೆ, ನನ್ನ ಕಡೆ ನೋಡಿ ಕೈ ಬೀಸುತ್ತಿದ್ದಾ — ನಾನು ಅತ್ತ ನೋಡಲಾರೆ, ಅಂಪೈರಿನ ಕೈ ಎಲ್ಲಿಗೆ ಬಂತೆಂದು ನೋಡಲಾರೆ, ಯಾರಿಗೆ ಬೈಯಲಿ, ಗಾಳಿಗೆ ಬೈಯಲೇ, ಮರ್ವ್ ಇನ್ನೂ ಹಾರ್ನು ಬಾರಿಸುತ್ತಲೇ ಇದ್ದಾನೆ, ನಿಲ್ಲಿಸು ಮರ್ವ್, ನಿಲ್ಲಿಸೋ, ಕಣ್ಣನ್ನು ಎಲ್ಲಿಡಲಿ, ಕಣಜದ ಕಡೆ ಇಟ್ಟೆ, ತಗಡು ಪಟಪಟ ಎನ್ನುತ್ತಿದೆ, ಅದರ ಕೆಳಗೆ ಕಂಬಗಳು, ಕಂಬಗಳ ಮುಂದೆ ಬಿಳಿಗೆರೆಯ ಚೌಕ, ಗಸ್ ಇಲ್ಲ, ನೆವ್ ಇಲ್ಲ, ಯಾರೂ ಇಲ್ಲ, ಟಿಟ್ಟಿಭ ಬಂದು ಇಳಿದಿದೆ, ನಡೆಯುತ್ತಿದೆ, ನಿಲ್ಲುತ್ತಿದೆ, ಖಾಲಿ ಚೌಕ, ಟಿಟ್ಟಿಭ, ಖಾಲಿ ಚೌಕ